ಇಸ್ತ್ರಿ ಅಂಗಡಿಯ ದಂಡನಾಯಕ

ನಮ್ಮ ಗಲ್ಲಿಯ ಪಾ ಹರ್ಜಿತೊ ಒಂದು ಕಾಲದಲ್ಲಿ ಸೈನ್ಯದಲ್ಲಿದ್ದರು ಎಂಬ ಸುದ್ದಿ ಹುಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ, ಚರಂಡಿಯ ಪಕ್ಕದಲ್ಲಿ. ಅದು ಹುಟ್ಟುವಾಗ ನಾನು ಅಲ್ಲೇ ಸಲಿಕೆ ಹಿಡಿದು ನಿಂತಿದ್ದೆ. ಆದ್ದರಿಂದ ಈ ವಿಷಯದಲ್ಲಿ ಬೇರೆಯವರು ಹೇಳುವುದಕ್ಕಿಂತ ನಾನು ಹೇಳುವುದನ್ನು ನಂಬಬಹುದು.

ನಮ್ಮ ಸುರಬಾಯ ಶಹರದಲ್ಲಿ ಗೌರವಕ್ಕೆ ಗಂಡಸರಿಗೆ ಪಾ, ಹೆಂಗಸರಿಗೆ ಬು ಎನ್ನುತ್ತಾರೆ. ಇಲ್ಲಿ ನಮ್ಮದು ಎರಡು ಮೋಟಾರ್ ಸೈಕಲ್ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದ ಗಲ್ಲಿ. ಅದರ ನಟ್ಟನಡುವೆ ಬು ರತ್ಮಿನಿಯವರ ಬಟ್ಟೆ ಒಗೆಯುವ ಅಂಗಡಿ. ಕೆಳಗೆ ಯಂತ್ರಗಳು ಮತ್ತು ಇಸ್ತ್ರಿ ಮೇಜು, ಮೇಲೆ ತಾರಸಿಯಲ್ಲಿ ಒಣಹಾಕುವ ಹಗ್ಗಗಳು. ಅಂಗಡಿಯ ಒಡೆತನ, ಆಡಳಿತ, ಗಿರಾಕಿಗಳ ಜೊತೆ ಜಗಳ, ಎಲ್ಲವೂ ಬು ರತ್ಮಿನಿಯವರದೇ. ಅವರ ಯಜಮಾನರಾದ ಪಾ ಹರ್ಜಿತೊ ಅವರಿಗೆ ಇದ್ದದ್ದು ಇಸ್ತ್ರಿಯಾದ ಗಂಟುಗಳನ್ನು ಮನೆಮನೆಗೆ ಮುಟ್ಟಿಸುವ ಖಾತೆ. ಆ ಖಾತೆಯಲ್ಲೂ ಒಬ್ಬರ ಲುಂಗಿ ಇನ್ನೊಬ್ಬರ ಮನೆ ಸೇರಿ, ಎರಡು ಮನೆಯವರು ಮಾತು ಬಿಟ್ಟ ಸಂದರ್ಭಗಳು ಇದ್ದವು.

ಅವರ ಹಿರಿಯ ಅಳಿಯನಿಗೆ ದೂರದ ಬಾಲಿಕ್‌ಪಾಪನ್‌ಗೆ ವರ್ಗವಾದಾಗ, ಅವನು ತನ್ನ ದೊಡ್ಡ ಕಂಪ್ಯೂಟರನ್ನು ಸಾಗಿಸಲಾರದೆ ಮಾವನ ಮನೆಯಲ್ಲಿ ಬಿಟ್ಟುಹೋದ. ಅದರ ಹೊಟ್ಟೆಯೊಳಗೆ ಒಂದು ಯುದ್ಧದ ಆಟವಿತ್ತು. ಸಿಕ್ಕಸಿಕ್ಕವರಿಗೆ ಗುಂಡು ಹೊಡೆದು ಅಂಕ ಕೂಡಿಸುವ ಆಟವಲ್ಲ. ಹದ್ದು ಮೇಲಿಂದ ನೋಡುವ ಹಾಗೆ ನೋಡುತ್ತ, ಒಂದು ಸಣ್ಣ ತುಕಡಿಗೆ ನೀನು ಇಲ್ಲಿ ಅಡಗು, ನೀನು ಅಲ್ಲಿಗೆ ತೆವಳು ಎಂದು ಅಪ್ಪಣೆ ಕೊಡಬೇಕು. ಅದರ ಸೈನಿಕರಿಗೆ ಓಡಿದರೆ ದಣಿವಾಗುತ್ತದೆ. ಗುಂಡು ಮುಗಿಯುತ್ತದೆ. ಪಕ್ಕದವನು ಸತ್ತರೆ ಕೈಕಾಲು ನಡುಗಿ ಗೋಡೆ ಮರೆಯಲ್ಲಿ ಕೂತುಬಿಡುತ್ತಾರೆ; ಎಷ್ಟು ಅಪ್ಪಣೆ ಕೊಟ್ಟರೂ ಏಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಈ ಯುದ್ಧ ಯಾರಿಗೋಸ್ಕರವೂ ನಿಲ್ಲುವುದಿಲ್ಲ. ಬು ರತ್ಮಿನಿ ತಾರಸಿಯಿಂದ “ಒದ್ದೆ ಚಾದರದ ಬುಟ್ಟಿ ಮೇಲಕ್ಕೆ ತನ್ನೀ!” ಎಂದು ಕೂಗಿದಾಗ ಪಾ ಹರ್ಜಿತೊ ಬುಟ್ಟಿ ಹೊತ್ತು ಮೆಟ್ಟಿಲೇರುವರು. ಇಳಿದು ಬರುವುದರೊಳಗೆ ಅರ್ಧ ತುಕಡಿ ಸ್ವರ್ಗಸ್ಥವಾಗಿರುತ್ತಿತ್ತು.

ಆಟದ ಸೈನಿಕರಿಗೆ ನಾಲಿಗೆ ಹೊರಳದ ಯಾವುದೋ ದೇಶದ ಹೆಸರುಗಳಿದ್ದವು. ಪಾ ಹರ್ಜಿತೊ ಅವನ್ನು ಅಳಿಸಿ ಪೈಜೊ, ತುಕಿರಾನ್, ಸಗಿಮಿನ್ ಎಂದು ನಮ್ಮ ಕಡೆಯ ಹೆಸರುಗಳನ್ನಿಟ್ಟರು. ಎಡವಟ್ಟಾಗಿದ್ದು ಅಲ್ಲೇ. ಹೆಸರು ಗೊತ್ತಿಲ್ಲದವನು ಸತ್ತರೆ ಮನುಷ್ಯ ಮಧ್ಯಾಹ್ನದ ಊಟ ಮಾಡುತ್ತಾನೆ. ಪೈಜೊ ಸತ್ತರೆ ಮಾಡುವುದು ಹೇಗೆ?

ಇದೆಲ್ಲ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಬು ರತ್ಮಿನಿ ಗಂಡನಿಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದರು: “ಮೊಮ್ಮಕ್ಕಳು ಬರೋ ವಯಸ್ಸಲ್ಲಿ ಆಟ ಆಡ್ತೀರಿ ಅಂತ ಹೊರಗೆ ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ಈ ವಿಷಯ ಬಾಯಿಬಿಟ್ಟೀರಿ, ಜೋಕೆ!”

ಆ ಭಾನುವಾರ ಇಡೀ ಗಲ್ಲಿಯವರು ಸೇರಿ ಚರಂಡಿ ಬಳಿಯುತ್ತಿದ್ದೆವು. ಪಾ ಹರ್ಜಿತೊ ಮಾತ್ರ ಕೆಸರಿನ ಬುಟ್ಟಿಯ ಮುಂದೆ ಕೆಸರಿಗಿಂತ ಕಪ್ಪಾದ ಮುಖ ಮಾಡಿಕೊಂಡು ಕೂತಿದ್ದರು. ಗಲ್ಲಿಯ ಮುಖ್ಯಸ್ಥ ಪಾ ಮುಂತೋಲಿಬ್ ಹತ್ತಿರ ಬಂದು, “ಏನ್ರೀ, ಮೈ ಸರಿಯಿಲ್ವಾ?” ಎಂದರು.

“ಹನ್ನೊಂದು ಜನ ಹೋಗ್ಬಿಟ್ರು, ಪಾ,” ಎಂದರು ಹರ್ಜಿತೊ, ಚರಂಡಿಯನ್ನೇ ನೋಡುತ್ತ. “ತಪ್ಪು ನಂದೇ. ಸೇತುವೆ ಹತ್ರ ನಿಲ್ಲಿಸಬಾರದಾಗಿತ್ತು.”

“ಯಾರು ಹನ್ನೊಂದು ಜನ?”

“ನಮ್ಮ ಹುಡುಗ್ರು. ಪೈಜೊ ಕೊನೇವರೆಗೂ ಜಾಗ ಬಿಟ್ಟು ಕದಲ್ಲಿಲ್ಲ.”

ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಸುರಿದ ಪೆಚೆಲ್ ಮಾರುವ ಅಂಗಡಿಯ ಬು ಸುಲಸ್ಮಿ ನಮಗೆಲ್ಲ ಚಹಾ ಹಂಚುತ್ತಿದ್ದವರು ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಸುದ್ದಿ ಹರಡುವ ವಿಷಯದಲ್ಲಿ ಅವರಿಗೂ ಮಸೀದಿಯ ಧ್ವನಿವರ್ಧಕಕ್ಕೂ ಇರುವ ವ್ಯತ್ಯಾಸ ಒಂದೇ: ಧ್ವನಿವರ್ಧಕಕ್ಕೆ ಕರೆಂಟು ಬೇಕು.

“ಸೇತುವೆ? ಹುಡುಗ್ರು?” ಪಾ ಮುಂತೋಲಿಬ್ ಸಲಿಕೆ ಕೆಳಗಿಟ್ಟರು. “ಪಾ ಹರ್ಜಿತೊ, ನೀವು ನಮ್ಮ ಗಲ್ಲಿಗೆ ಬರೋಕೆ ಮುಂಚೆ ಏನು ಕೆಲಸ ಮಾಡ್ತಿದ್ರಿ?”

ಆಗ ಹರ್ಜಿತೊಗೆ ಹೆಂಡತಿಯ ಕಟ್ಟಪ್ಪಣೆ ನೆನಪಾಯಿತು. ಅವರು ತಲೆ ಎತ್ತಿ ತಾರಸಿಯ ಕಡೆ ನೋಡಿದರು. ಬು ರತ್ಮಿನಿ ಅಲ್ಲಿ ಪಂಚೆ ಕೊಡವುತ್ತಿದ್ದರು.

“ಅದನ್ನ ಮಾತಾಡೋ ಹಾಗಿಲ್ಲ,” ಎಂದರು ಹರ್ಜಿತೊ ತಗ್ಗಿದ ದನಿಯಲ್ಲಿ. “ಮೇಲಿಂದ ಅಪ್ಪಣೆ ಇಲ್ಲ.”

ಬು ಸುಲಸ್ಮಿ ಕಣ್ಣೊರೆಸಿಕೊಂಡು ಆ ಹುಡುಗರಿಗೋಸ್ಕರ ಪ್ರಾರ್ಥನೆ ಮಾಡಿಸಿ ಅನ್ನ ಹಂಚೋಣವೆಂದರು. ಹರ್ಜಿತೊ ಗಾಬರಿಯಾಗಿ, “ಬೇಡ ಬು, ಬೇಡ. ನಾಳೆ ಅವರೆಲ್ಲ ಎದ್ದು ಬರ್ತಾರೆ,” ಎಂದುಬಿಟ್ಟರು. ಅದು ಅವರ ಗಾಢ ದೈವಭಕ್ತಿ ಎಂದು ನಾವೆಲ್ಲ ತಿಳಿದೆವು. ಕೆಲವರು ಟೋಪಿ ತೆಗೆದರು.

ಮರುದಿನದಿಂದ ಗಲ್ಲಿಯ ರೀತಿಯೇ ಬದಲಾಯಿತು. ಬು ಸುಲಸ್ಮಿಯ ಅಂಗಡಿಯಲ್ಲಿ ಪಾ ಹರ್ಜಿತೊಗೆ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು, ಜೊತೆಗೆ ಕೇಳದೇ ಇದ್ದರೂ ಸೋಯಾಕಾಳಿನ ಕರಿದ ತೆಂಪೆ. ಲುಂಗಿ ಅದಲುಬದಲಾದರೆ ಯಾರೂ ಜಗಳಕ್ಕೆ ಬರಲಿಲ್ಲ. “ಪಾಪ, ಆ ತಲೇಲಿ ಎಂಥೆಂಥ ನೆನಪಿದೆಯೋ,” ಎಂದು ಇನ್ನೊಬ್ಬರ ಲುಂಗಿಯನ್ನೇ ಉಟ್ಟುಕೊಂಡರು. ಮೊದಲ ದಿನ ಹರ್ಜಿತೊ ಏನೋ ಹೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ. ಅಷ್ಟರಲ್ಲಿ ತೆಂಪೆ ಬಂತು. ತೆರೆದ ಬಾಯಿಗೆ ಅದನ್ನೇ ಹಾಕಿಕೊಂಡರು.

ಈ ಗೌರವ ಇಷ್ಟಕ್ಕೇ ನಿಂತಿದ್ದರೆ ಕಥೆಯೂ ನಿಲ್ಲುತ್ತಿತ್ತು. ಆದರೆ ಅವರ ಕಿರಿಯ ಮಗಳು ವೆನಿಂಗ್, ಬಗಾಸ್ಕೊರೊ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ತಂದೆ ಪಾ ಕರ್ದಿಮನ್ ಸೈನ್ಯದಿಂದ ನಿವೃತ್ತರಾದ ಸಾರ್ಜೆಂಟ್. ಬಟ್ಟೆ ಒಗೆಯುವವರ ಮನೆಯ ಹೆಣ್ಣು ಬೇಡವೆಂದು ವರ್ಷದಿಂದ ಪಟ್ಟು ಹಿಡಿದು ಕೂತಿದ್ದರು. ಗಲ್ಲಿಯ ಸುದ್ದಿ ಅವರ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಗರಿಗರಿ ಅಂಗಿ ತೊಟ್ಟು, ಮೀಸೆಗೆ ಎಣ್ಣೆ ಹಚ್ಚಿ, ಒಂದು ಗೊನೆ ಬಾಳೆಹಣ್ಣು ಹಿಡಿದು ಅವರು ತಾವಾಗಿಯೇ ಬಂದರು. ಕವಾಯತಿನ ಹೆಜ್ಜೆ ಹಾಕುತ್ತ ಬಂದದ್ದರಿಂದ ಗಲ್ಲಿಯ ಕೋಳಿಗಳೆಲ್ಲ ಎರಡು ಸಾಲಾಗಿ ಸರಿದವು. ನನ್ನ ಗಡಿಯಾರ ರಿಪೇರಿ ಮೇಜು ಹರ್ಜಿತೊ ಮನೆಯ ಕಿಟಕಿಗೆ ನೇರ ಎದುರಿಗಿದೆ. ಕದ್ದು ಕೇಳುವ ಅಭ್ಯಾಸ ನನಗಿಲ್ಲ. ಕಿಟಕಿ ಮುಚ್ಚುವ ಅಭ್ಯಾಸವೂ ಇಲ್ಲ.

“ಯಾವ ದಳ?” ಎಂದರು ಪಾ ಕರ್ದಿಮನ್, ಚಹಾ ಲೋಟ ಹಿಡಿದು.

“ಸಣ್ಣ ದಳ,” ಎಂದರು ಹರ್ಜಿತೊ.

“ಸಣ್ಣದು ಅಂದ್ರೆ?”

“ಮೂವತ್ತು ಜನ. ಬೆಳಿಗ್ಗೆ ಮೂವತ್ತು. ಸಂಜೆ ಹೇಳೋಕಾಗಲ್ಲ.”

ಪಾ ಕರ್ದಿಮನ್ ಲೋಟ ಕೆಳಗಿಟ್ಟರು. “ಶತ್ರು ಯಾರು?”

“ಅದು ದಿನದ ಮೇಲೆ. ಶುರು ಮಾಡೋ ಮುಂಚೆ ನಾವೇ ಆರಿಸ್ಕೋತೀವಿ.”

ಪಾ ಕರ್ದಿಮನ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಶತ್ರುವನ್ನು ತಾವೇ ಆರಿಸಿಕೊಳ್ಳುವ ದಳದ ವಿಷಯವನ್ನು ಅವರು ತಮ್ಮ ಇಡೀ ನೌಕರಿಯಲ್ಲಿ ಕೇಳಿರಲಿಲ್ಲ. ಅಂಥದ್ದು ಇದ್ದರೆ ಅದು ಬಹಳ ಮೇಲಿನದಿರಬೇಕು.

“ತಾವು ಎಲ್ಲಿದ್ರಿ, ಪಾ?” ಈಗ ಹರ್ಜಿತೊ ಸರದಿ.

“ನಾನಾ? ನಾನು... ಬೆಂಕಿ ಎದುರಿಗೇ ಇದ್ದೋನು. ಮೂವತ್ತು ವರ್ಷ.”

“ಮೂವತ್ತು ವರ್ಷ! ಬೆಂಕಿ ಎದುರಿಗೆ!” ಹರ್ಜಿತೊ ಸೋಫಾದ ತುದಿಗೆ ಸರಿದು ಕೂತರು.

“ಹೆಚ್ಚು ಹೇಳೋ ಹಾಗಿಲ್ಲ,” ಎಂದರು ಪಾ ಕರ್ದಿಮನ್ ಬೇಗಬೇಗ.

“ನನಗೂ ಹೇಳೋ ಹಾಗಿಲ್ಲ.”

“ಹಾಗಿದ್ರೆ ಹೇಳೋದೇ ಬೇಡ.”

“ಬೇಡವೇ ಬೇಡ.”

ಇಬ್ಬರೂ ಸಮಾಧಾನದ ಉಸಿರು ಬಿಟ್ಟು ಬಾಳೆಹಣ್ಣು ಸುಲಿದರು. ಹೊರಡುವ ಮುಂಚೆ ಪಾ ಕರ್ದಿಮನ್ ಎದ್ದು ನಿಂತು ಸೆಲ್ಯೂಟ್ ಹೊಡೆದರು. ಹರ್ಜಿತೊ ಕೂಡ ಹೊಡೆದರು, ಆದರೆ ಬಾಳೆಹಣ್ಣು ಹಿಡಿದ ಕೈಯಲ್ಲಿ.

ತಾವು ವೀರಯೋಧನ ಪತ್ನಿ ಎಂಬ ವಿಚಾರ ಬು ರತ್ಮಿನಿಗೆ ತಿಳಿದದ್ದು ಆ ಸಂಜೆ ಮೀನು ಮಾರುವವಳಿಂದ. ಬಾಗಿಲು ಹಾಕಿಕೊಂಡು ಗಂಡನ ಎದುರು ನಿಂತರು. ಬಾಗಿಲು ಹಾಕಿದ್ದರೂ ನನಗೆ ಕೇಳಿಸಿತು. ಗಲ್ಲಿಯ ಆ ತುದಿಗೂ ಕೇಳಿಸಿರಬೇಕು.

“ಬಕೆಟ್ ಮಾರ್ಕೊಂಡಿದ್ದ ಮನುಷ್ಯ ಯಾವಾಗ್ರೀ ಸೇತುವೆ ಕಾದಿದ್ದು?”

“ನಾನು ಸೈನ್ಯ ಅಂತ ಒಂದು ಮಾತೂ ಹೇಳಿಲ್ಲ ಕಣೇ. ನೀನು ಹೇಳಬೇಡ ಅಂದೆ, ನಾನು ಹೇಳ್ಲಿಲ್ಲ. ಅವರೇ ತಿಳ್ಕೊಂಡ್ರು.”

ಒಳಗಿನ ಕೋಣೆಯಲ್ಲಿ ವೆನಿಂಗ್ ಒಂದು ವರ್ಷದ ಮೇಲೆ ಮೊದಲ ಬಾರಿ ಹಾಡು ಗುನುಗುತ್ತಿದ್ದಳು.

“ಸರಿ,” ಎಂದರು ಬು ರತ್ಮಿನಿ ಕೊನೆಗೆ. “ಮದುವೆ ಮುಗಿಯೋವರೆಗೂ ನೀವು ಯುದ್ಧ ಮಾಡಿದೋರೇ. ಮುಗಿದ ಮಾರನೇ ದಿನ ನಾನು ಮಾಡ್ತೀನಿ ಯುದ್ಧ.”

ಅಷ್ಟರಲ್ಲಿ ನವೆಂಬರ್ ಬಂತು. ವೀರರ ದಿನದಂದು ಸುರಬಾಯದ ಗಲ್ಲಿಗಲ್ಲಿಗಳಲ್ಲಿ ನಲವತ್ತೈದರಲ್ಲಿ ಬ್ರಿಟಿಷರೊಡನೆ ನಡೆದ ಕದನದ ರೂಪಕ ಆಡುವುದು ವಾಡಿಕೆ. ನಮ್ಮಲ್ಲಿ ಅದರ ಕ್ರಮ ಎಲ್ಲರಿಗೂ ಬಾಯಿಪಾಠ. ಪಕ್ಕದ ಗಲ್ಲಿಯವರು ಮುಖಕ್ಕೆ ಹಿಟ್ಟು ಬಳಿದುಕೊಂಡು ಬ್ರಿಟಿಷರಾಗುತ್ತಾರೆ. ನಾವು ತಲೆಗೆ ಕೆಂಪು ಬಿಳಿ ಪಟ್ಟಿ ಕಟ್ಟಿ, ಬಿದಿರಿನ ಈಟಿ ಹಿಡಿದು, “ಮೆರ್ದೆಕಾ!”, ಅಂದರೆ ಸ್ವಾತಂತ್ರ್ಯ, ಎಂದು ಕೂಗುತ್ತ ಓಡಿಹೋಗುತ್ತೇವೆ. ಪಾ ಮುಂತೋಲಿಬ್ ಗಲ್ಲಿಯ ಮಧ್ಯದಲ್ಲಿ ಎದೆಗೆ ಗುಂಡು ತಿಂದು, ಒಂದು ಭಾಷಣ ಮಾಡಿ ಸಾಯುತ್ತಾರೆ. ಆಮೇಲೆ ಊಟ.

ಆ ವರ್ಷ ವಲಯಾಧಿಕಾರಿ ಬು ಹೆರ್ನಾನಿ ಖುದ್ದಾಗಿ ನೋಡಲು ಬರುವವರಿದ್ದರು. ಅತ್ಯುತ್ತಮ ರೂಪಕ ಆಡಿದ ಗಲ್ಲಿ ಇಡೀ ವಲಯದ ಪರವಾಗಿ ನಗರ ಮೈದಾನದಲ್ಲಿ ಆಡುತ್ತದೆ ಎಂಬ ಸುದ್ದಿ ಇತ್ತು. ಗಲ್ಲಿಯಲ್ಲೇ ನಿಜವಾದ ಯೋಧನಿರುವಾಗ ಬೇರೆ ಯೋಚನೆ ಯಾಕೆ? ಪಾ ಮುಂತೋಲಿಬ್ ಎರಡೂ ಸೈನ್ಯಗಳ ಪೂರ್ತಿ ಅಧಿಕಾರವನ್ನು ಪಾ ಹರ್ಜಿತೊ ಅವರ ಕೈಗೊಪ್ಪಿಸಿದರು. ಬೇಡವೆಂದರೆ ಅನುಮಾನ ಬರುತ್ತದೆಂದು ಬು ರತ್ಮಿನಿ ತಾರಸಿಯಿಂದ ಕಣ್ಣುಬಿಟ್ಟದ್ದರಿಂದ ಹರ್ಜಿತೊ ಒಪ್ಪಿದರು. ಆದರೆ ಒಪ್ಪಿದ ಮೇಲೆ ಆ ಮನುಷ್ಯ ಬದಲಾದದ್ದನ್ನು ಹೇಳಲೇಬೇಕು. ಇಸ್ತ್ರಿ ಮೇಜಿನ ಮೇಲೆ ಚಾದರ ಹಾಸಿ, ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಇಟ್ಟು, ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು.

“ಗಲ್ಲಿ ಮಧ್ಯೆ ಯಾರೂ ಓಡೋ ಹಾಗಿಲ್ಲ.”

“ಅಯ್ಯೋ, ಓಡೋದೇ ತಾನೇ ರೂಪಕ?” ಎಂದೆ ನಾನು.

“ಓಡಿದ್ರೆ ಒಬ್ಬನೂ ಉಳಿಯಲ್ಲ. ಗಲ್ಲಿ ನೇರವಾಗಿದೆ, ಆ ತುದಿಯಿಂದ ಎಲ್ಲ ಕಾಣುತ್ತೆ. ಮೊದಲು ಹೊಗೆ ಹಾಕಬೇಕು. ಆಮೇಲೆ ಚರಂಡೀಲಿ ತೆವಳ್ಕೊಂಡು, ಹಿತ್ತಲಿಂದ ಸುತ್ತು ಹಾಕಿ ಹೋಗಬೇಕು.”

“ಅವರ ಕೈಲಿರೋದು ಮರದ ಬಂದೂಕಲ್ವಾ, ಪಾ?”

“ಅದು ಅವರಿಗೆ ಗೊತ್ತು. ನಿಮಗೆ ಗೊತ್ತಿರಬಾರದು.”

ನಾವು ಮುಖಮುಖ ನೋಡಿಕೊಂಡೆವು. ಹೀಗೆ ಮಾತಾಡಲು ಯುದ್ಧ ಕಂಡವರಿಂದ ಮಾತ್ರ ಸಾಧ್ಯ ಎನ್ನಿಸಿತು.

“ನಾನು ಎಲ್ಲಿ ಸಾಯೋದು?” ಎಂದರು ಪಾ ಮುಂತೋಲಿಬ್, ಕ್ಲಿಪ್ಪುಗಳ ನಡುವೆ ತಮ್ಮ ಜಾಗ ಹುಡುಕುತ್ತ.

“ನೀವು ಸಾಯಲ್ಲ.”

“ಏನು?”

“ತುಕಡಿಯ ನಾಯಕ ಸುಮ್ಮಸುಮ್ಮನೆ ಸತ್ರೆ ಉಳಿದೋರಿಗೆ ಧೈರ್ಯ ಹೋಗುತ್ತೆ. ನೀವು ಮೋರಿ ಕೆಳಗೆ ಅಡಗಿರಬೇಕು. ನಾನು ಫೋನ್ ಮಾಡೋವರೆಗೂ ತಲೆ ಎತ್ತಬಾರದು.”

ಪಾ ಮುಂತೋಲಿಬ್ ಜೇಬಿನಿಂದ ಮಡಿಚಿದ ಕಾಗದ ತೆಗೆದರು. “ಪ್ರತಿ ವರ್ಷ ಸಾಯ್ತಾ ಬಂದಿದ್ದೀನಿ, ಪಾ. ನನ್ನ ಸೊಸೆ ಮಲಾಂಗ್‌ನಿಂದ ನೋಡೋಕೆ ಬರ್ತಾಳೆ. ಭಾಷಣ ಹೊಸದಾಗಿ ಬರೆಸಿದ್ದೀನಿ. ಒಂದೇ ಒಂದು ಸಲ ಸಾಯೋಕೆ ಬಿಡಿ.”

“ಆಗಲ್ಲ, ಪಾ. ನನ್ನ ಕೈಕೆಳಗೆ ಈಗಾಗಲೇ ತುಂಬಾ ಜನ ಸತ್ತಿದ್ದಾರೆ,” ಎಂದರು ಹರ್ಜಿತೊ. ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು. ಬು ಸುಲಸ್ಮಿ ಬಾಗಿಲಲ್ಲಿ ನಿಂತು ತಲೆವಸ್ತ್ರದ ಅಂಚು ಕಚ್ಚಿಕೊಂಡರು.

ಬ್ರಿಟಿಷರಿಗೂ ಅವರೇ ಪಾಠ ಹೇಳಿದರು. ಬ್ರಿಟಿಷರ ನಾಯಕನಾಗಿ ಭಾವೀ ಅಳಿಯ ಬಗಾಸ್ಕೊರೊ ಹಿಟ್ಟು ಬಳಿದುಕೊಳ್ಳಲು ಒಪ್ಪಿದ್ದ. ಅವನಿಗೆ ಸಿಕ್ಕ ಅಪ್ಪಣೆ: “ಶತ್ರು ಸ್ಪಷ್ಟವಾಗಿ ಕಾಣೋವರೆಗೂ ಒಂದು ಗುಂಡೂ ಹಾರಿಸಬಾರದು. ಗುಂಡು ಸುಮ್ಮನೆ ಬರಲ್ಲ.” ಹುಡುಗ ಮಾವನ ಮಾತನ್ನು ಮೀರುವ ಸ್ಥಿತಿಯಲ್ಲಿರಲಿಲ್ಲ.

ವೀರರ ದಿನ ಬೆಳಿಗ್ಗೆ ಗಲ್ಲಿಯ ಬಾಯಲ್ಲಿ ಶಾಮಿಯಾನ ಎದ್ದಿತು. ಬು ಹೆರ್ನಾನಿ ಸಮವಸ್ತ್ರದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ವಿಶೇಷ ಅತಿಥಿ ಪಾ ಕರ್ದಿಮನ್, ಎದೆಯ ತುಂಬ ಬಿಲ್ಲೆ. ರಾಷ್ಟ್ರಗೀತೆಯಾಯಿತು. ಡೋಲು ಬಡಿದರು. ಎಲ್ಲರೂ ಗಲ್ಲಿಯ ಕಡೆ ನೋಡಿದರು.

ಗಲ್ಲಿಯಲ್ಲಿ ಒಂದು ಬೆಕ್ಕು ದಾಟಿತು.

ಮತ್ತೆ ಏನೂ ಆಗಲಿಲ್ಲ. ನಾನು ಪಾ ಮುಂತೋಲಿಬ್ ಜೊತೆ ಮೋರಿಯ ಕೆಳಗೆ ಬೋರಲು ಮಲಗಿದ್ದೆ. ನಮ್ಮವರು ಕೆಲವರು ಹೆಂಚಿನ ಮೇಲೆ, ಕೆಲವರು ಕೋಳಿಗೂಡಿನ ಹಿಂದೆ, ಕೆಲವರು ಮೈಮೇಲೆ ಕೊಳೆ ಬಟ್ಟೆಯ ಮೂಟೆ ಎಳೆದುಕೊಂಡು ಬಿದ್ದಿದ್ದರು. ಗಲ್ಲಿಯ ಆ ತುದಿಯಲ್ಲಿ ಬ್ರಿಟಿಷರು ಬು ರತ್ಮಿನಿಯ ಅಂಗಡಿಯ ಚೀಲಗಳನ್ನು ಪೇರಿಸಿ ಅದರ ಹಿಂದೆ ಅಡಗಿದ್ದರು. ಅಡಗುವುದನ್ನು ಹರ್ಜಿತೊ ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ಎರಡು ಸೈನ್ಯಗಳಿದ್ದ ಆ ಗಲ್ಲಿಯಲ್ಲಿ ಒಂದು ಮೂಗೂ ಕಾಣಿಸುತ್ತಿರಲಿಲ್ಲ. ಅವರು ಮಾತ್ರ ತಾರಸಿಯ ಮೇಲೆ, ಒಣಗುತ್ತಿದ್ದ ಚಾದರಗಳ ಮರೆಯಿಂದ ಫೋನಿನಲ್ಲಿ ಪಿಸುಗುಡುತ್ತಿದ್ದರು: “ಕದಲಬೇಡಿ. ಇನ್ನೂ ಕದಲಬೇಡಿ.”

ಅಲ್ಲಿದ್ದವರು ಆಮೇಲೆ ಹೇಳಿದಂತೆ, ಶಾಮಿಯಾನದಲ್ಲಿ ಬು ಹೆರ್ನಾನಿ ಮೊದಲು ಗಡಿಯಾರ ನೋಡಿದರು, ಆಮೇಲೆ ಪಾ ಕರ್ದಿಮನ್ ಕಡೆ ತಿರುಗಿದರು. “ಯುದ್ಧ ಯಾವಾಗ ಶುರು, ಪಾ?”

“ನಡೀತಾ ಇದೆ, ಬು,” ಎಂದರು ಪಾ ಕರ್ದಿಮನ್, ಬೆವರುತ್ತ.

“ಎಲ್ಲಿ?”

“ಎಲ್ಲಾ ಕಡೆ. ಅದೇ ಇದರ ವಿಶೇಷ.”

ಬು ಹೆರ್ನಾನಿ ಬೆಕ್ಕನ್ನು ಹೊಸ ಗೌರವದಿಂದ ನೋಡಿದರು.

ಬಿಸಿಲೇರಿತು. ಕೊನೆಗೂ ತಾರಸಿಯಿಂದ ಅಪ್ಪಣೆ ಬಂತು: “ಹೊಗೆ!” ಹಸಿ ತೆಂಗಿನ ಸಿಪ್ಪೆಯ ರಾಶಿಗೆ ಬೆಂಕಿ ಬಿತ್ತು. ಹರ್ಜಿತೊ ಲೆಕ್ಕದ ಪ್ರಕಾರ ಗಾಳಿ ಬ್ರಿಟಿಷರ ಕಡೆ ಬೀಸಬೇಕಿತ್ತು. ಗಾಳಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಹೊಗೆಯೆಲ್ಲ ಉರುಳಿಕೊಂಡು ಶಾಮಿಯಾನದೊಳಗೆ ನುಗ್ಗಿತು. ಒಳಗಿದ್ದ ಗಣ್ಯರು ಕೆಮ್ಮುತ್ತ ಕುರ್ಚಿಗಳ ಕೆಳಗೆ ಬಗ್ಗಿದರು. ಈಗ ಅವರೂ ಕಾಣಿಸದಾದರು.

ಮೋರಿಯ ಕೆಳಗೆ ಪಾ ಮುಂತೋಲಿಬ್ ಅವರ ತಾಳ್ಮೆ ಮುಗಿಯಿತು. “ನನ್ನ ಸೊಸೆ ಮಲಾಂಗ್‌ನಿಂದ ಬಂದಿದ್ದಾಳೆ ಕಣಯ್ಯಾ,” ಎಂದು ನನಗೆ ಹೇಳಿ, ನಾನು ಕಾಲು ಹಿಡಿದೆಳೆದರೂ ಕೇಳದೆ ಮೇಲೆದ್ದು ಗಲ್ಲಿಯ ನಡುವೆ ಓಡಿದರು. ಹೊಗೆಯಲ್ಲಿ ಅಂಗಿ ಬಿಚ್ಚಿ ಎದೆ ತೋರಿಸಿ, “ಹೊಡೀರೋ ಪರದೇಶಿಗಳಾ! ಈ ಎದೆಗೆ ಹೊಡೀರಿ!” ಎಂದು ಗರ್ಜಿಸಿದರು.

ಯಾರೂ ಹೊಡೆಯಲಿಲ್ಲ. ಶತ್ರು ಸ್ಪಷ್ಟವಾಗಿ ಕಾಣದೆ ಗುಂಡು ಹಾರಿಸಬಾರದೆಂದು ಅಪ್ಪಣೆಯಿತ್ತಲ್ಲ. 

“ಹೊಡೀರೋ!” ಪಾ ಮುಂತೋಲಿಬ್ ಇನ್ನೆರಡು ಹೆಜ್ಜೆ ಮುಂದೆ ಹೋದರು. ಭಾಷಣವನ್ನು ಅರ್ಧ ಹೇಳಿ ನಿಲ್ಲಿಸಿ ಕಾದರು. ಮತ್ತೆ ಅರ್ಧ ಹೇಳಿದರು. ಕೊನೆಗೆ ದನಿ ಒಡೆದು, “ಯಾರಾದ್ರೂ ಒಂದು ಗುಂಡು ಹೊಡೀರಪ್ಪಾ, ದಮ್ಮಯ್ಯ,” ಎಂದರು.

ಚೀಲಗಳ ಹಿಂದಿನಿಂದ ಬಗಾಸ್ಕೊರೊನ ದನಿ ಬಂತು: “ನಮಗೆ ಅಪ್ಪಣೆ ಇಲ್ಲ, ಪಾ. ಕ್ಷಮಿಸಿ.”

ಇಷ್ಟು ಹೊತ್ತು ಕೆಮ್ಮುತ್ತ ಕೂತಿದ್ದ ಪಾ ಕರ್ದಿಮನ್‌ಗೆ ಆಗ ಏನಾಯಿತೋ. ಬಾಯಿಗೆ ಕರವಸ್ತ್ರ ಹಿಡಿದು ಶಾಮಿಯಾನದಿಂದ ಹೊರಬಿದ್ದು ನೇರವಾಗಿ ಬು ಸುಲಸ್ಮಿಯ ಅಂಗಡಿಗೆ ನಡೆದರು. ಅಲ್ಲಿ ಊಟಕ್ಕೆಂದು ರಾವೊನ್ ಎಂಬ ಮಾಂಸದ ಸಾರು ದೊಡ್ಡ ಹಂಡೆಯಲ್ಲಿ ಕುದಿಯುತ್ತಿತ್ತು. ಮುಚ್ಚಳ ತೆಗೆದು ಮೂಸಿದರು. ಸೌಟಿನಲ್ಲಿ ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿದರು. “ಉಪ್ಪು ಇನ್ನೊಂದು ಹಿಡಿ,” ಎಂದು ಬು ಸುಲಸ್ಮಿಗೆ ಹೇಳಿ, ಬಿಲ್ಲೆ ತೂಗಾಡುವ ಅಂಗಿಯ ತೋಳು ಮಡಚಿದರು. ಆಮೇಲೆ ಗಲ್ಲಿಗೆ ಬಂದು, ಸೌಟಿನಿಂದ ಮುಚ್ಚಳಕ್ಕೆ ದಬದಬ ಬಡಿಯುತ್ತ, ನಮ್ಮ ಯಾವ ಧ್ವನಿವರ್ಧಕದಿಂದಲೂ ಬರದಂಥ ದನಿ ತೆಗೆದರು:

“ತುಕಡಿ! ಊಟಾ!”

ಬೆಳಿಗ್ಗೆಯಿಂದ ನಮ್ಮ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೆಂಚಿನ ಮೇಲಿಂದ, ಕೋಳಿಗೂಡಿನ ಹಿಂದಿಂದ, ನೀರಿನ ಡ್ರಮ್ಮಿನೊಳಗಿಂದ, ಬಟ್ಟೆ ಮೂಟೆಗಳ ಅಡಿಯಿಂದ ಜನ ಏಳತೊಡಗಿದರು. ಹಿಟ್ಟು ಬಳಿದವರು, ಪಟ್ಟಿ ಕಟ್ಟಿದವರು, ಕೆಸರಾದವರು, ಇಡೀ ಗಲ್ಲಿ ಒಂದೇ ಕ್ಷಣದಲ್ಲಿ ತುಂಬಿಹೋಯಿತು. ಹೊಗೆ ತಿಳಿಯಾಗುತ್ತಿದ್ದಂತೆ ಇದನ್ನು ಕಂಡ ಬು ಹೆರ್ನಾನಿ ಕುರ್ಚಿಯ ಮೇಲೇ ಹತ್ತಿ ನಿಂತರು.

“ಇಷ್ಟೂ ಜನ ಇಲ್ಲೇ ಇದ್ರಾ?” ಎಂದು ಚಪ್ಪಾಳೆ ತಟ್ಟಿದರು. “ನನ್ನ ಕಾಲ ಬುಡದಲ್ಲೇ ಇಬ್ಬರು ಎದ್ರು! ಇದಪ್ಪಾ ರೂಪಕ! ಎಲ್ಲಿ, ನಿಮ್ಮ ಸೇನಾಪತಿನ ಕರೀರಿ!”

ಹರ್ಜಿತೊ ತಾರಸಿಯಿಂದ ಇಳಿದು ಬಂದರು. ಮುಖವೆಲ್ಲ ಮಸಿ.

“ನಗರ ಮೈದಾನಕ್ಕೆ ನಿಮ್ಮನ್ನೇ ಕಳಿಸ್ತೀನಿ,” ಎಂದರು ಬು ಹೆರ್ನಾನಿ. “ಅಲ್ಲಿ ದಂಡಿನ ಸೈನಿಕರೂ ಸೇರ್ತಾರೆ. ಅವರ ಕರ್ನಲ್‌ಗೆ ನಾಳೆನೇ ನಿಮ್ಮ ಪರಿಚಯ ಮಾಡಿಸ್ತೀನಿ. ಯಾವ ದಳದಲ್ಲಿದ್ರಿ, ಪಾ?”

ಹರ್ಜಿತೊ ತಾರಸಿಯ ಕಡೆ ನೋಡಿದರು. ಬು ರತ್ಮಿನಿ ಅಲ್ಲಿರಲಿಲ್ಲ; ಪಕ್ಕದಲ್ಲೇ ವೆನಿಂಗಳ ಕೈ ಹಿಡಿದು ನಿಂತಿದ್ದರು. ಅವರಿಗೂ ಏನು ಸನ್ನೆ ಮಾಡಬೇಕೆಂದು ತೋಚಿದ ಹಾಗೆ ಕಾಣಲಿಲ್ಲ.

“ಬು,” ಎಂದರು ಹರ್ಜಿತೊ, “ನಾನು ಸೈನ್ಯದಲ್ಲಿ ಇರ್ಲಿಲ್ಲ. ತುಲುಂಗಾಗುಂಗ್‌ನಲ್ಲಿ ಪ್ಲಾಸ್ಟಿಕ್ ಬಕೆಟ್ ಮಾರ್ತಿದ್ದೆ.”

“ಹನ್ನೊಂದು ಜನ?” ಎಂದರು ಪಾ ಮುಂತೋಲಿಬ್.

“ಕಂಪ್ಯೂಟರ್‌ನಲ್ಲಿ. ಅದೊಂದು ಆಟ.”

“ಪೈಜೊ?” ಎಂದರು ಬು ಸುಲಸ್ಮಿ.

“ಪೈಜೊನೂ ಅಷ್ಟೇ, ಬು.”

ಬು ಸುಲಸ್ಮಿ ಬಟ್ಟೆ ಮೂಟೆಯ ಮೇಲೆ ಕುಸಿದು ಕೂತರು. “ಆ ಹುಡುಗನಿಗೋಸ್ಕರ ನಾನು ಎರಡು ಸಲ ಅತ್ತಿದ್ದೀನಿ.”

“ನಾನೂ ಅತ್ತಿದ್ದೀನಿ,” ಎಂದರು ಹರ್ಜಿತೊ.

ಎಲ್ಲರ ಕಣ್ಣೂ ಪಾ ಕರ್ದಿಮನ್ ಕಡೆ ತಿರುಗಿದವು. ವೆನಿಂಗ್ ತಲೆ ತಗ್ಗಿಸಿದಳು. ಸಾರ್ಜೆಂಟರ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ. ಆಮೇಲೆ ಅವರು ಸೌಟು ಹಿಡಿದುಕೊಂಡೇ ನಗಲು ಶುರುಮಾಡಿದರು. ಬಿಲ್ಲೆಗಳು ಗಲಗಲ ಎಂದವು.

“ಶತ್ರುವನ್ನ ನಾವೇ ಆರಿಸ್ಕೋತೀವಿ ಅಂದ್ರಲ್ಲ, ಅವತ್ತು ಮನೆಗೆ ಹೋದೋನಿಗೆ ಜ್ವರ ಬಂತು ಕಣ್ರೀ! ಮದುವೆ ಮನೇಲಿ ನನ್ನ ಗುಟ್ಟು ಹೊರಗೆ ಹಾಕ್ತೀರೇನೋ ಅಂತ. ಮೂವತ್ತು ವರ್ಷ ನಾನು ಸೈನ್ಯದಲ್ಲಿ ಅಡುಗೆ ಮಾಡಿದೋನು. ಬಂದೂಕು ಹಿಡಿದಿದ್ದು ಒರೆಸೋಕೆ.”

“ಬೆಂಕಿ ಎದುರಿಗೆ ಅಂದ್ರಿ?” ಎಂದರು ಹರ್ಜಿತೊ.

“ಒಲೆ ಎದುರಿಗೆ, ಬೀಗರೇ, ಒಲೆ ಎದುರಿಗೆ!”

ಬೀಗರೇ ಎಂಬ ಮಾತು ಕೇಳಿ ಬಗಾಸ್ಕೊರೊ ಹಿಟ್ಟಿನ ಮುಖದಲ್ಲೇ ಮುಂದೆ ಬಂದ. “ಹಾಗಾದ್ರೆ ಅಪ್ಪಾ, ಮದುವೆ...”

“ಮೊದಲು ಮುಖ ತೊಳ್ಕೊಂಡು ಬಾರೋ. ಬ್ರಿಟಿಷರಿಗೆ ಹೆಣ್ಣು ಕೊಡ್ತಾರೇನೋ ಇವರು?”

ಉಳಿದದ್ದು ಬು ಹೆರ್ನಾನಿ. ಅವರು ಕುರ್ಚಿಯಿಂದ ಇಳಿದು, ಸಮವಸ್ತ್ರದ ಬೂದಿ ಕೊಡವಿಕೊಂಡು, “ನಾನು ಮೇಲಿನವರಿಗೆ ಏನಂತ ಹೇಳ್ಲಿ? ಇಲ್ಲಿ ಏನು ನಡೀತು ಅಂತ ಹೇಳ್ಲಿ?” ಎಂದರು.

ಗಲ್ಲಿಯ ನಡುವೆ ಇನ್ನೂ ಎದೆ ಬಿಚ್ಚಿಕೊಂಡೇ ನಿಂತಿದ್ದ ಪಾ ಮುಂತೋಲಿಬ್ ಕೈಮುಗಿದರು.

“ನಾನು ಸತ್ತೆ ಅಂತ ಹೇಳಿ, ಬು.”

ನಗರ ಮೈದಾನಕ್ಕೆ ಬೇರೆ ಗಲ್ಲಿಯವರು ಹೋದರು. ನಮ್ಮವರು ಕೆಲವು ದಿನ ಹರ್ಜಿತೊ ಮೇಲೆ ಮುನಿಸಿಕೊಂಡು ತಮ್ಮ ತಮ್ಮ ಲುಂಗಿಗಳನ್ನು ವಾಪಸು ಕೇಳಿದರು. ಬು ಸುಲಸ್ಮಿ ತೆಂಪೆ ನಿಲ್ಲಿಸಿದರು. ಆದರೆ ಪೈಜೊನನ್ನು ಒಮ್ಮೆ ತೋರಿಸಬೇಕೆಂದು ಕೇಳಿ, ಬಂದು ನೋಡಿ, “ತುಂಬಾ ಸೊರಗಿದ್ದಾನೆ,” ಎಂದು ಹೇಳಿ ಹೋದರು. ಮದುವೆ ಮಳೆಗಾಲ ಮುಗಿದ ಮೇಲೆ ನಡೆಯಿತು. ಅಡುಗೆ ಪಾ ಕರ್ದಿಮನ್ ಅವರದು. ಹಂಡೆಯ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ. ಮದುವೆಯ ಮಾರನೇ ದಿನ ಬು ರತ್ಮಿನಿ ಹೇಳಿದ ಮಾತಿನಂತೆ ಯುದ್ಧ ಹೂಡಿದರು. ಅದರ ವಿವರಗಳಿಗೆ ನಾನು ಹೋಗುವುದಿಲ್ಲ. ಆ ಹೊತ್ತಿಗೆ ನಾನು ಜೀವನದಲ್ಲಿ ಮೊದಲ ಬಾರಿ ಕಿಟಕಿ ಮುಚ್ಚಿದ್ದೆ.

ಈಚೆಗೆ ಪಾ ಕರ್ದಿಮನ್ ಭಾನುವಾರ ಮಧ್ಯಾಹ್ನ ಬೀಗರ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಮೊನ್ನೆ ಪರದೆಯ ಮೇಲೆ ಭಾರೀ ಕದನ ನಡೆಯುತ್ತಿತ್ತು. ಒಬ್ಬ ಸೈನಿಕ ಮಾತ್ರ ಮುರಿದ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಹರ್ಜಿತೊ ಮೌಸ್ ಒತ್ತಿದರು, ಮತ್ತೆ ಒತ್ತಿದರು, ಅವನು ಏಳಲಿಲ್ಲ.

“ಹೆದರಿದ್ದಾನೆ,” ಎಂದರು ಹರ್ಜಿತೊ. “ಈ ಆಟದಲ್ಲಿ ಅದನ್ನೂ ನಿಜವಾದ ಹಾಗೇ ಇಟ್ಟಿದ್ದಾರೆ.”

ಪಾ ಕರ್ದಿಮನ್ ಕನ್ನಡಕ ಮೇಲೆ ಮಾಡಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಆ ಹುಡುಗನನ್ನು ನೋಡಿದರು.

“ಹೆದರಿಕೆ ಅಲ್ಲ, ಬೀಗರೇ. ಇವನಿಗೆ ಯಾರೂ ಊಟ ಕೊಟ್ಟಿಲ್ಲ. ಎಷ್ಟು ಜನರನ್ನ ನೋಡಿದ್ದೀನಿ ನಾನು. ಬಿಡಿ, ಕೂತಿರಲಿ.”

ಹರ್ಜಿತೊ ಮೌಸಿನಿಂದ ಕೈ ತೆಗೆದರು. ಇಬ್ಬರೂ ಕೈಕಟ್ಟಿ ಸುಮ್ಮನೆ ಅವನನ್ನು ನೋಡುತ್ತ ಕೂತರು. ಸುತ್ತ ಗುಂಡು ಹಾರುತ್ತಲೇ ಇತ್ತು.